ಬೆಕ್ಕುಗಳೊಂದಿಗೆ ದೂರದ ಊರಿಗೆ: ಮನೆ ಬದಲಿಸುವಾಗ ಬಾಗಿಲುಗಳ ಮೇಲೆ ಕಣ್ಣಿಡಿ

ದೂರದ ಊರಿಗೆ ಮನೆ ಬದಲಿಸುವ ಬೆಕ್ಕಿನ ಮನೆಯವರು ಹೆಚ್ಚಾಗಿ ಹೆದರುವುದು ಕಾರಿನಲ್ಲಿ ಕಳೆಯಬೇಕಾದ ಗಂಟೆಗಳಿಗೆ. ನಮ್ಮ ಎರಡು ಬೆಕ್ಕುಗಳನ್ನು, ನಡುವೆ ಒಂದು ರಾತ್ರಿ ತಂಗಿ, ಹೊಸ ಮನೆಗೆ ತಲುಪಿಸಿದ ಮೇಲೆ ನನಗೆ ತೋರಿದ್ದು ಬೇರೆ. ಮುಚ್ಚಿದ ಕ್ಯಾರಿಯರ್‌ನೊಳಗೆ, ಅಂದರೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆಯೊಳಗೆ, ಕುಳಿತ ಬೆಕ್ಕು ಎಷ್ಟು ಕೂಗಿದರೂ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತದೆ. ಅದು ಕೈತಪ್ಪುವುದು ಯಾವುದಾದರೊಂದು ಬಾಗಿಲು ತೆರೆದ ಗಳಿಗೆಯಲ್ಲಿ. ಸಾಮಾನು ಹೊರುವವರಿಗಾಗಿ ತೆರೆದಿಟ್ಟ ಹಳೆಯ ಮನೆಯ ಬಾಗಿಲು, ದಾರಿಯಲ್ಲಿ ತೆರೆದ ಕಾರಿನ ಬಾಗಿಲು, ತಂಗುವ ಕೋಣೆಯದು, ಹೊಸ ಮನೆಯದು, ಇವುಗಳನ್ನೇ ಲೆಕ್ಕಕ್ಕೆ ಹಿಡಿದು ಪ್ರಯಾಣವನ್ನು ಯೋಜಿಸುವುದು ಒಳ್ಳೆಯದು.

ಮೊದಲು ಕ್ಯಾರಿಯರ್. ಗಟ್ಟಿ ಪ್ಲಾಸ್ಟಿಕ್ಕಿನದು, ಮುಂದಿನ ಬಾಗಿಲಿನ ಜೊತೆಗೆ ಮೇಲ್ಭಾಗವೂ ತೆರೆದುಕೊಳ್ಳುವಂಥದ್ದು ಮೇಲು. ಹಟ ಹಿಡಿದ ಬೆಕ್ಕನ್ನು ಮುಂದಿನಿಂದ ತಳ್ಳುವುದಕ್ಕಿಂತ ಮೇಲಿನಿಂದ ಇಳಿಸುವುದು ಸುಲಭ. ಬೆಕ್ಕು ಒಳಗೆ ನಿಂತು, ತಿರುಗಿ, ಮೈಚಾಚಿ ಮಲಗುವಷ್ಟು ಜಾಗವಿದ್ದರೆ ಸಾಕು. ಬಹಳ ದೊಡ್ಡದಾದರೆ ತಿರುವುಗಳಲ್ಲಿ ಅತ್ತಿತ್ತ ಜಾರುತ್ತದೆ. ಬೆಕ್ಕಿಗೊಂದರಂತೆ ಕ್ಯಾರಿಯರ್ ಇರಲೇಬೇಕು. ಒಂದರ ಮೇಲೊಂದು ಒರಗಿ ಮಲಗುವ ಜೋಡಿಯೂ ಭಯಗೊಂಡಾಗ ಪರಸ್ಪರ ಉಗುರು ಚಾಚುವುದುಂಟು. ಹಾಗೆ ಹುಟ್ಟಿದ ಮುನಿಸು ಹೊಸ ಮನೆಯಲ್ಲಿ ವಾರಗಟ್ಟಲೆ ಮುಂದುವರಿಯಬಹುದು.

ಹೊರಡುವುದಕ್ಕೆ ಕೆಲವು ವಾರ ಮೊದಲೇ ನಾವು ಕ್ಯಾರಿಯರ್‌ಗಳನ್ನು ಬಾಗಿಲು ತೆಗೆದು ಮನೆಯೊಳಗಿಟ್ಟೆವು. ಒಳಗೆ ಅವು ಮಲಗುತ್ತಿದ್ದ ಹೊದಿಕೆಯನ್ನೇ ಒಗೆಯದೆ ಹಾಸಿ, ಊಟದ ಬಟ್ಟಲನ್ನು ಮೊದಲು ಹೊಸ್ತಿಲ ಬಳಿ, ಆಮೇಲೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಸುತ್ತ ಹೋದೆವು. ಒಳಗೆ ಉಣ್ಣಲು ಒಪ್ಪಿದ ಮೇಲೆ ಕೆಲವು ನಿಮಿಷ ಬಾಗಿಲು ಮುಚ್ಚುವುದು, ನಂತರ ಎಂಜಿನ್ ಚಾಲೂ ಮಾಡದೆ ಕಾರಿನಲ್ಲಿ ಕೂರಿಸುವುದು, ಕೊನೆಗೆ ಹತ್ತಿರದ ಒಂದು ಸುತ್ತು. ನಮ್ಮ ಹಿರಿಯ ಗಂಡು ಬೆಕ್ಕು ಅದನ್ನು ಬೇಗನೆ ತನ್ನದಾಗಿಸಿಕೊಂಡಿತು. ಕಿರಿಯ ಹೆಣ್ಣು ಬಹಳ ಕಾಲ ಅನುಮಾನಿಸಿತು. ಈ ಅಭ್ಯಾಸದ ನಿಜವಾದ ಲಾಭ ಗೊತ್ತಾಗುವುದು ತಲುಪಿದ ಮೇಲೆ. ಅಪರಿಚಿತ ಕೋಣೆಯಲ್ಲಿ ಬೆಕ್ಕಿಗೆ ಅಡಗಲು ಗೊತ್ತಿರುವ ಏಕೈಕ ಜಾಗ ಆ ಕ್ಯಾರಿಯರ್ ಆಗಿರುತ್ತದೆ.

ಪಶುವೈದ್ಯರ ಭೇಟಿಯನ್ನು ಕೊನೆಯ ವಾರಕ್ಕೆ ಮುಂದೂಡಬಾರದು. ರೇಬೀಸ್ ಲಸಿಕೆಯ ಪ್ರಮಾಣಪತ್ರ ಮತ್ತು ಆರೋಗ್ಯದ ದಾಖಲೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಚರ್ಮದಡಿ ಸೇರಿಸುವ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಗಳ ಸಂಖ್ಯೆಯನ್ನು ಬರೆದಿಟ್ಟು, ನೋಂದಣಿಯಲ್ಲಿ ಮೊಬೈಲ್ ಸಂಖ್ಯೆ ಸರಿಯಿದೆಯೇ ಎಂದು ಹೊರಡುವ ಮೊದಲೇ ನೋಡಬೇಕು. ಚಿಪ್ ಇದ್ದ ಮಾತ್ರಕ್ಕೆ ಬೆಕ್ಕು ಎಲ್ಲಿದೆಯೆಂದು ತಿಳಿಯುವುದಿಲ್ಲ, ಸಿಕ್ಕಿದವರು ಅದನ್ನು ಓದಿಸಿದಾಗ ಮಾಲೀಕರ ಗುರುತು ಹತ್ತುತ್ತದೆ, ಅಷ್ಟೆ. ಗಡಿ ದಾಟಿ ಬೇರೆ ದೇಶಕ್ಕೆ ಹೋಗುವವರ ತಯಾರಿ ತಿಂಗಳುಗಳ ಹಿಂದೆಯೇ ಆರಂಭವಾಗಬೇಕು. ಅನೇಕ ದೇಶಗಳಲ್ಲಿ ಚಿಪ್ ಹಾಕಿಸುವ ಮೊದಲು ಕೊಟ್ಟ ರೇಬೀಸ್ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ.

ಬಹಳ ಹೆದರುವ ಬೆಕ್ಕಿಗೆ ವೈದ್ಯರು ಗ್ಯಾಬಪೆಂಟಿನ್ ಎಂಬ ಔಷಧವನ್ನು ಬರೆದುಕೊಡುವುದುಂಟು. ಅದನ್ನು ಸಾಮಾನ್ಯವಾಗಿ ಹೊರಡುವುದಕ್ಕೆ 2–3 ಗಂಟೆ ಮೊದಲು ಕೊಡುತ್ತಾರೆ. ಪ್ರಯಾಣದ ದಿನವೇ ಮೊದಲ ಬಾರಿ ಕೊಡದೆ, ಮನೆಯಲ್ಲಿ ಒಮ್ಮೆ ಕೊಟ್ಟು ಬೆಕ್ಕು ಎಷ್ಟು ಮಂಕಾಗುತ್ತದೆ, ಹೆಜ್ಜೆ ತಪ್ಪುತ್ತದೆಯೇ ಎಂದು ನೋಡಿಕೊಳ್ಳಬೇಕು. ವಿಮಾನದಲ್ಲಿ ಒಯ್ಯುವವರು ಮೊದಲೇ ವಿಚಾರಿಸಿಕೊಳ್ಳಬೇಕು, ಏಕೆಂದರೆ ಮತ್ತಿನ ಔಷಧ ಕೊಟ್ಟ ಪ್ರಾಣಿಯನ್ನು ಹಲವು ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಪರ್ಷಿಯನ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಾಟದ ಅಪಾಯವಿರುವುದರಿಂದ ನಿರ್ಬಂಧಗಳು ಇನ್ನೂ ಬಿಗಿ. ಮನುಷ್ಯರ ಮಾತ್ರೆಗಳನ್ನಂತೂ ಮುಟ್ಟಲೇಬಾರದು. ಪ್ಯಾರಾಸಿಟಮಾಲ್ ಅನ್ನು ಬೆಕ್ಕಿನ ದೇಹ ನಿಭಾಯಿಸಲಾರದು, ಒಂದೇ ಮಾತ್ರೆಯೂ ಪ್ರಾಣ ತೆಗೆಯಬಹುದು.

ನನ್ನ ಮಟ್ಟಿಗೆ ಇಡೀ ಪ್ರಯಾಣದ ಅತಿ ಅಪಾಯದ ಹೊತ್ತು ಸಾಮಾನು ತುಂಬುವ ಬೆಳಗ್ಗೆ. ಮನೆಯ ಬಾಗಿಲು ಗಂಟೆಗಟ್ಟಲೆ ತೆರೆದಿರುತ್ತದೆ, ಅಪರಿಚಿತರು ಓಡಾಡುತ್ತಿರುತ್ತಾರೆ, ಬೆಕ್ಕಿನ ಅಡಗುತಾಣಗಳು ಒಂದೊಂದಾಗಿ ಮಾಯವಾಗುತ್ತಿರುತ್ತವೆ. ಆದ್ದರಿಂದ ಹಿಂದಿನ ರಾತ್ರಿಯೇ ಒಂದು ಕೋಣೆಯನ್ನು ಪೂರ್ತಿ ಖಾಲಿ ಮಾಡಿ, ಬೆಕ್ಕುಗಳನ್ನು ನೀರು, ಲಿಟರ್ ಟ್ರೇ (ಮಲಮೂತ್ರಕ್ಕೆಂದು ಮರಳಿನಂಥ ಲಿಟರ್ ತುಂಬಿದ ತಟ್ಟೆ) ಮತ್ತು ಕ್ಯಾರಿಯರ್‌ಗಳೊಂದಿಗೆ ಅಲ್ಲಿಟ್ಟು ಬೀಗ ಹಾಕಿದೆವು. ‘ಒಳಗೆ ಬೆಕ್ಕುಗಳಿವೆ, ತೆರೆಯಬೇಡಿ’ ಎಂದು ಬರೆದು ಅಂಟಿಸಿದ್ದೂ ಆಯಿತು. ಆದರೆ ಕೈತುಂಬ ಪೆಟ್ಟಿಗೆ ಹೊತ್ತವರು ಬರಹ ಓದುವುದಿಲ್ಲ, ಬೀಗದ ಕೀಲಿ ಮನೆಯವರ ಜೇಬಿನಲ್ಲಿರಬೇಕು. ಲಾರಿ ಹೊರಟು ಮುಂಬಾಗಿಲು ಹಾಕಿದ ನಂತರವೇ ಆ ಕೋಣೆಯೊಳಗೆ ಹೋಗಿ, ಅದರ ಬಾಗಿಲನ್ನೂ ಮುಚ್ಚಿಕೊಂಡು, ಬೆಕ್ಕುಗಳನ್ನು ಕ್ಯಾರಿಯರ್‌ಗೆ ಇಳಿಸಿದೆವು. ಅವುಗಳನ್ನು ಸಾಮಾನಿನ ಲಾರಿಯಲ್ಲಿ ಕಳಿಸುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಕೈಬಿಡಿ. ಅಲ್ಲಿ ಗಾಳಿಯಿಲ್ಲ, ನೋಡುವವರೂ ಇಲ್ಲ.

ಹೊರಡುವುದಕ್ಕೆ 4–6 ಗಂಟೆ ಮೊದಲು ಹಗುರವಾದ ಊಟ ಕೊಟ್ಟರೆ ವಾಂತಿಯಾಗುವ ಸಾಧ್ಯತೆ ಕಡಿಮೆ. ಕಾರಿನಲ್ಲಿ ಕ್ಯಾರಿಯರ್‌ಗಳನ್ನು ಮುಂದಿನ ಸೀಟಿನ ಹಿಂಭಾಗದಲ್ಲಿ, ನೆಲದ ಮೇಲೆ ಅಲುಗಾಡದಂತೆ ಇರಿಸಿ, ಗಾಳಿಯ ಕಿಂಡಿಗಳನ್ನು ಬಿಟ್ಟು ತೆಳುಬಟ್ಟೆ ಹೊದಿಸಿದೆವು. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಬೇಡ. ಮೊದಲ ಹೊತ್ತಿನಲ್ಲಿ ಎರಡೂ ಒಂದೇ ಸಮನೆ ಕೂಗಿದವು. ಸಮಾಧಾನಕ್ಕೆಂದು ಹೊರತೆಗೆದು ಮಡಿಲಲ್ಲಿ ಕೂರಿಸಿಕೊಳ್ಳಬೇಕೆನಿಸುತ್ತದೆ, ಆದರೆ ಓಡುವ ಕಾರಿನಲ್ಲಿ ಬಿಡುಗಡೆಯಾದ ಬೆಕ್ಕು ಬ್ರೇಕ್ ಪೆಡಲ್ಲಿನ ಕೆಳಗೆ ಸೇರಿಕೊಳ್ಳಬಹುದು. ನಿಲುಗಡೆಗಳಲ್ಲಿ ಕಾರಿನ ಎಲ್ಲ ಬಾಗಿಲು, ಗಾಜುಗಳು ಮುಚ್ಚಿವೆಯೆಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡ ನಂತರವೇ ಕ್ಯಾರಿಯರ್ ತೆರೆದು ನೀರು ತೋರಿಸುತ್ತಿದ್ದೆವು. ಅವು ಮೂಸಿ ನೋಡಿ ಮುಖ ತಿರುಗಿಸಿದವು, ಅದು ಸಹಜವೇ.

ಬಿಸಿಲಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಹೊರಗೆ 21 ಡಿಗ್ರಿ ಸೆಲ್ಸಿಯಸ್ ಇರುವ ಹಿತವಾದ ದಿನದಲ್ಲೂ ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ ಉಷ್ಣತೆ 40ರ ಹತ್ತಿರ ಹೋಗುತ್ತದೆ. ಆದ್ದರಿಂದ ಊಟಕ್ಕೆ ಒಬ್ಬರು ಇಳಿದರೆ ಇನ್ನೊಬ್ಬರು ಎಸಿ ಚಾಲೂ ಇಟ್ಟುಕೊಂಡು ಕಾರಿನಲ್ಲೇ ಕುಳಿತಿರಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೂಡಲೇ ನಿಲ್ಲಿಸಿ ತಂಪು ಮಾಡಬೇಕು. ಅದು ನಿಲ್ಲದಿದ್ದರೆ ಹತ್ತಿರದ ಪಶುವೈದ್ಯರಲ್ಲಿಗೆ ಹೋಗಬೇಕು.

ತಂಗುವ ಕೋಣೆಗೆ ಬೆಕ್ಕುಗಳಿಗಿಂತ ಮೊದಲು ಒಬ್ಬರು ಹೋಗಿ, ಮಂಚದ ಕೆಳಗಿನ ಸಂದು, ಕಪಾಟಿನ ಹಿಂಭಾಗ, ಕಿಟಕಿಯ ಚಿಲಕ ಎಲ್ಲವನ್ನೂ ನೋಡಿ, ಕೈ ತಲುಪದ ಕಡೆಗಳಿಗೆ ಚೀಲ ದಿಂಬುಗಳನ್ನು ಅಡ್ಡವಿಟ್ಟರೆ ಬೆಳಗಿನ ಹುಡುಕಾಟ ತಪ್ಪುತ್ತದೆ. ಸ್ವಚ್ಛಗೊಳಿಸುವ ಸಿಬ್ಬಂದಿ ಒಳಬರದಂತೆ ಹೇಳಿಟ್ಟಿರಬೇಕು. ಮನೆಯಲ್ಲಿ ಬಳಸುತ್ತಿದ್ದ ಲಿಟರನ್ನೇ ತಂದಿದ್ದರಿಂದ ಹೆಣ್ಣು ಬೆಕ್ಕು ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ರೇ ಬಳಸಿತು. ಗಂಡು ಬೆಕ್ಕಿನ ಮೇಲೆ ಹೆಚ್ಚು ನಿಗಾ ಬೇಕು: ಟ್ರೇಯಲ್ಲಿ ಮತ್ತೆ ಮತ್ತೆ ಕುಳಿತು ಮುಕ್ಕರಿದರೂ ಮೂತ್ರ ಬಾರದಿದ್ದರೆ ಅದು ಮೂತ್ರನಾಳ ಕಟ್ಟಿಕೊಂಡಿರುವ ಲಕ್ಷಣ, ಬೆಳಗಿನವರೆಗೂ ಕಾಯುವ ಸಂಗತಿಯಲ್ಲ.

ಹೊಸ ಮನೆಯಲ್ಲೂ ಒಂದು ಕೋಣೆಯಿಂದಲೇ ಆರಂಭಿಸಿದೆವು. ಕ್ಯಾರಿಯರ್‌ಗಳ ಬಾಗಿಲು ತೆಗೆದು, ಊಟ ಮತ್ತು ಟ್ರೇಯನ್ನು ಎದುರುಬದುರು ಮೂಲೆಗಳಲ್ಲಿಟ್ಟು, ಅವುಗಳ ಪಾಡಿಗೆ ಅವುಗಳನ್ನು ಬಿಟ್ಟೆವು. ಮೊದಲ ದಿನ ಊಟ ಕಡಿಮೆಯಾಗುವುದು ಸಾಮಾನ್ಯ. ಆದರೆ 24 ಗಂಟೆ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಗಂಭೀರ ಕಾಯಿಲೆಯಾಗಬಲ್ಲದು. ಬಾಲ ಎತ್ತಿ ಬಾಗಿಲ ಬಳಿ ಬಂದು ಕೂಗತೊಡಗಿದ ಮೇಲೆ ಉಳಿದ ಕೋಣೆಗಳನ್ನು ಒಂದೊಂದಾಗಿ ತೋರಿಸಿದರಾಯಿತು. ಹೊರಗೆ ಓಡಾಡುವ ರೂಢಿಯಿದ್ದ ಬೆಕ್ಕನ್ನೂ ಕನಿಷ್ಠ 2–3 ವಾರ ಹೊರಗೆ ಬಿಡಬಾರದು. ಮೊದಲ ಸಲ ಬಿಡುವಾಗ ಹಗಲಿನಲ್ಲಿ, ಊಟಕ್ಕೆ ಸ್ವಲ್ಪ ಮೊದಲು, ನೀವು ಜೊತೆಗಿದ್ದು ಬಿಡಿ. ಹಸಿದ ಬೆಕ್ಕು ಬಟ್ಟಲಿನ ಸದ್ದು ಕೇಳಿದರೆ ಒಳಗೆ ಬರುತ್ತದೆ.