ಹಿವರೆ ಬಜಾರಿನ ನೀರಿನ ಲೆಕ್ಕ

“ನಿಮ್ಮೂರಾಗ ಈ ವರ್ಷ ಮಳಿ ಎಷ್ಟ ಆಗ್ಯಾದ?” ಎಂದು ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿಯ ಕಾಕಾ ಒಬ್ಬರು ಕೇಳಿದರು. “ಚಲೋ ಆಗ್ಯಾದ್ರಿ” ಎಂದೆ. ಅವರು ನನ್ನ ಮುಖ ನೋಡುತ್ತಲೇ ನಿಂತರು. ಅವರಿಗೆ ಬೇಕಾದದ್ದು ಮಿಲಿಮೀಟರಿನ ಅಂಕಿ. ಇಂಡಿ ತಾಲ್ಲೂಕಿನ ಒಕ್ಕಲು ಮನೆಯವ ನಾನು, ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡ ಉಳಿಸಿಕೊಂಡವ. ನನ್ನ ಹತ್ತಿರ ಆ ಅಂಕಿ ಇರಲಿಲ್ಲ. (ಅವರು ಆಡಿದ್ದು ಮರಾಠಿ. ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತಿದ್ದೇನೆ.)

ದೀಪಾವಳಿ ಮುಗಿದ ವಾರ ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಅಹಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, ಇಳಿದಿದ್ದೆವು. ಜೊತೆಗಿದ್ದವರಿಗೆ ಶಿರಡಿ, ಶನಿಶಿಂಗಣಾಪುರ ಮುಖ್ಯ. ಎರಡು ದಿನ ಸರದಿಯಲ್ಲೇ ಕಳೆಯಿತು. ಮೂರನೆಯ ದಿನ ನಾನೊಬ್ಬನೇ, ನೀರಿನ ಲೆಕ್ಕ ಇಡುವ ಊರು ನೋಡಲೆಂದು, ಹಿವರೆ ಬಜಾರ್‌ಗೆ ಹೊರಟೆ. ತಾಸಿಗೊಂದು ಬಸ್ಸಿದೆ ಎಂದು ಲಾಡ್ಜಿನವರು ಹೇಳಿದ್ದನ್ನು ನಂಬಿ ನಿಲ್ದಾಣದಲ್ಲಿ ಎರಡೂವರೆ ತಾಸು ಕೂತೆ. ನೀವು ಹೋಗುವುದಾದರೆ ಹೋಗಿಬರುವ ಬಾಡಿಗೆ ಮಾತಾಡಿಕೊಂಡೇ ವಾಹನ ಹಿಡಿಯಿರಿ. ಆ ಎರಡೂವರೆ ತಾಸು ಊರಲ್ಲಿ ಸಿಕ್ಕಿದ್ದರೆ ಗುಡ್ಡದ ನೆತ್ತಿಯವರೆಗೂ ಹೋಗಿಬರುತ್ತಿದ್ದೆ.

ಗುಡ್ಡ ನೋಡಲೇಬೇಕಾದದ್ದು. ಇಳಿಜಾರಿಗೆ ಅಡ್ಡವಾಗಿ ಮಳೆನೀರು ಇಂಗಿಸುವ ಸಾಲುಸಾಲು ಕಂದಕ, ಅವುಗಳ ಮಗ್ಗುಲಲ್ಲಿ ಗಿಡ. ಊರವರ ಶ್ರಮದಾನವೂ ಇದರಲ್ಲಿದೆ. 1972ರ ಬರ ಕಂಡ ಊರಿದು, ಜನ ಮುಂಬೈ ಪುಣೆಗೆ ಗುಳೆ ಹೋಗುತ್ತಿದ್ದರು. ಎಂ.ಕಾಂ. ಓದಿದ ಪೋಪಟರಾವ್ ಪವಾರ್ 1989ರಲ್ಲಿ ಸರಪಂಚರಾದ (ಊರ ಪಂಚಾಯಿತಿಯ ಅಧ್ಯಕ್ಷರಾದ) ಮೇಲೆ ಮರ ಕಡಿಯುವುದು, ದನ ಬಿಟ್ಟು ಮೇಯಿಸುವುದು, ಸಾರಾಯಿ ಎಲ್ಲಕ್ಕೂ ಗ್ರಾಮಸಭೆ ತಡೆ ಹಾಕಿತು. ಬೇಸಾಯಕ್ಕೆ ಬೋರು ಕೊರೆಸುವಂತಿಲ್ಲ. ಕಬ್ಬು, ಬಾಳೆ ಹಾಕುವಂತಿಲ್ಲ.

ಇದು ನನಗೆ ಗಂಟಲಲ್ಲಿ ಇಳಿಯಲಿಲ್ಲ. “ನನ್ನ ಹೊಲ, ನನ್ನ ರೊಕ್ಕ. ಬೋರು ಹಾಕಬ್ಯಾಡ ಅನ್ನಾಕ ನೀವ್ಯಾರು ಅಂತ ಯಾರೂ ಕೇಳಲಿಲ್ಲೇನ್ರಿ?”

“ಕೇಳಿದ್ರು. ಹೊಲ ನಿನ್ನದು, ಕೆಳಗಿನ ನೀರು ಯಾರದು ಅಂತ ನಾವೂ ಕೇಳಿದ್ವಿ.”

ಆಮೇಲೆ ಕಾಕಾ ಬೆರಳು ಮಡಚುತ್ತ ಲೆಕ್ಕ ಬಿಡಿಸಿದರು. ಮಳೆಮಾಪಕ ನೋಡುತ್ತಾರೆ, ಗುರುತು ಮಾಡಿದ ಬಾವಿಗಳ ನೀರಿನ ಮಟ್ಟ ಅಳೆಯುತ್ತಾರೆ. ಮಳೆಗಾಲ ಮುಗಿದ ಮೇಲೆ ಗ್ರಾಮಸಭೆಯ ಮುಂದೆ ಜಮೆ-ಖರ್ಚು. ಜನಕ್ಕೂ ದನಕ್ಕೂ ಕುಡಿಯುವ ನೀರು ಮೊದಲು ತೆಗೆದಿಡಬೇಕು. ಉಳಿದದ್ದರಲ್ಲಿ ನೂರಕ್ಕೆ 70 ಪಾಲು ಹೊಲಕ್ಕೆ, 30 ಪಾಲು ಮುಟ್ಟದೆ ಭೂಮಿಗೆ. ಮಳೆ ಕಡಿಮೆಯಾದ ವರ್ಷ ಗೋಧಿ ಬಿಟ್ಟು, ಕಡಿಮೆ ನೀರಿನ ಬೆಳೆ. ವರ್ಷಕ್ಕೆ 400 ಮಿ.ಮೀ. ಆಸುಪಾಸು ಬೀಳುವ ಊರಿನ ಬಜೆಟ್ ಇದು.

ನಮ್ಮ ಕಡೆಗೂ ಸಮೀಕ್ಷೆಯವರು ಬರುತ್ತಾರೆ, ಬರೆದುಕೊಂಡು ಹೋಗುತ್ತಾರೆ. ಆ ಅಂಕಿ ತಿರುಗಿ ನಮ್ಮ ಕಟ್ಟೆಗೆ ಬಂದದ್ದು ನಾನು ಕಂಡಿಲ್ಲ. ಇಲ್ಲಿ ಅಳೆದವರೇ ಕೂತು ಏನು ಬಿತ್ತಬೇಕೆಂದು ತೀರ್ಮಾನಿಸುತ್ತಾರೆ. ಬಡತನವನ್ನೂ ತಮ್ಮದೇ ಮೊಳದಲ್ಲಿ ಅಳೆದಿದ್ದಾರೆ: ಎರಡು ಹೊತ್ತಿನ ಊಟ, ಮಕ್ಕಳ ಶಾಲೆ, ಕಾಯಿಲೆ ಬಿದ್ದರೆ ಔಷಧ, ಇವಕ್ಕೆ ಗತಿಯಿಲ್ಲದವರೇ ಬಡವರು. 1995ರಲ್ಲಿ ಬಡತನ ರೇಖೆಯ ಕೆಳಗೆ 168 ಕುಟುಂಬಗಳಿದ್ದವು, 2010ಕ್ಕೆ ಮೂರು. ಹಾಲು ದಿನಕ್ಕೆ 150 ಲೀಟರಿನಿಂದ 4,000 ಲೀಟರಿಗೆ ಏರಿತು. ಗುಳೆ ಹೋದವರಲ್ಲಿ ಅನೇಕರು ಮನೆಗೆ ಮರಳಿದರು.

ಬಂದವರೆಲ್ಲ ಸ್ವಚ್ಛ ರಸ್ತೆ, ಗುಲಾಬಿ ಗೋಡೆ ಫೋಟೊ ತೆಗೆಯುತ್ತಿದ್ದರು. ನನಗೆ ಆ ಗೋಡೆಗಿಂತ ಕಾಕಾನ ಮನೆಯ ಪಿಟ್ಲ-ಭಕ್ರಿಯೇ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಹೆಚ್ಚು. ನಮ್ಮ ಜುಣಕದ ತಮ್ಮನಂತಿತ್ತು, ಅವರ ಮೆಣಸಿನಕಾಯಿ ಚಟ್ನಿ ಠೇಚಾ ಮಾತ್ರ ನಮ್ಮ ರಂಜಕಕ್ಕಿಂತ ಒಂದು ಕೈ ಮೇಲು.

ಹೊರಡುವಾಗ ಕಾಕಾ ಅಂದರು: “ಮಳಿಮಾಪಕ ಇಲ್ಲ ಅಂದ್ರ ಹಗ್ಗ ಐತೆಲ್ಲ? ಬಾವಿಗೆ ಇಳಿಬಿಡು.”

ಊರಿಗೆ ಬಂದ ಮರುದಿನ ಇಳಿಬಿಟ್ಟೆ. 41 ಅಡಿಗೆ ನೀರು ಸಿಕ್ಕಿತು. ಲಿಂಬೆ ಔಷಧದ ಡೈರಿಯಲ್ಲಿ ತಾರೀಖು ಹಾಕಿ ಬರೆದೆ. ಪಕ್ಕದ ತೋಟದ ಮಾವನ ಬಾವಿ ನಾಳೆ. “ನನ್ನ ಬಾವಿ ಉಸಾಬರಿ ನಿನಗ್ಯಾಕೋ” ಅಂದಿದ್ದಾನೆ, ಆದರೂ ಹಗ್ಗ ಹಿಡಿಯಲು ಬರುತ್ತೇನೆ ಎಂದೂ ಹೇಳಿದ್ದಾನೆ.