ಸೀಲ್ ಒಡೆಯದ ಪೆಟ್ಟಿಗೆ

1989ರಲ್ಲಿ ಮಿಲ್ಟನ್ ಬ್ರ್ಯಾಡ್ಲಿ ಕಂಪನಿಯು ಗೇಮ್ಸ್ ವರ್ಕ್‌ಶಾಪ್ ಜೊತೆಗೂಡಿ ಹೊರತಂದ ‘ಹೀರೋಕ್ವೆಸ್ಟ್’ ಎಂಬ ಬೋರ್ಡ್ ಆಟದ ಹಳೆಯ ಪೆಟ್ಟಿಗೆಯೊಂದು ಆನ್‌ಲೈನ್ ಹರಾಜಿಗೆ ಬಂದಿದ್ದು, ‘ಸೀಲ್ ಒಡೆದಿಲ್ಲ’ ಎಂಬ ಒಂದೇ ಮಾತಿನ ಬಲದ ಮೇಲೆ ಮಾರಾಟಗಾರರು ಕೇಳುತ್ತಿರುವ ಬೆಲೆಗೆ ಶಿವಮೊಗ್ಗದಲ್ಲಿ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಬೈಕೇ ಸಿಗುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಪೆಟ್ಟಿಗೆಯ ಮೂಲೆಗಳು ಸವೆದು ಬಿಳಿಚಿಕೊಂಡಿವೆ. ಅವುಗಳ ಮೇಲಿನ ಪ್ಲಾಸ್ಟಿಕ್ ಹಾಳೆಗೆ ಮಾತ್ರ ಒಂದು ಗೀರೂ ಇಲ್ಲ. ಹಾಳೆಗೆ ಪೆಟ್ಟು ಬೀಳದೆ ಒಳಗಿನ ರಟ್ಟು ಸವೆಯುವುದಾದರೂ ಹೇಗೆ?

ಬಿಸಿ ತಾಗಿದರೆ ಕುಗ್ಗುವ ಹಾಳೆಯೂ ಹೀಟ್ ಗನ್ನೂ ಯಾರಿಗೆ ಬೇಕಾದರೂ ಸಿಗುವುದರಿಂದ, ಬಿಚ್ಚಿ ಆಡಿದ, ಕೆಲವೊಮ್ಮೆ ಬೊಂಬೆಗಳೇ ಕಾಣೆಯಾದ ಆಟವನ್ನು ಮತ್ತೆ ಸುತ್ತಿ ಹೊಸದೆಂದು ಮಾರುವುದಕ್ಕೆ ದೊಡ್ಡ ಕೌಶಲವೇನೂ ಬೇಕಿಲ್ಲ. ಒಳಗೆ ಯಾವ ಕಾರ್ಡಿದೆಯೆಂದು ತಿಳಿಯದಂತೆ ಪೊಟ್ಟಣ ಕಟ್ಟಿ ಮಾರುವ ಪೋಕೆಮಾನ್ ಆಟದ ಕಾರ್ಡುಗಳದ್ದು ಇನ್ನೂ ನಾಜೂಕಿನ ಕೆಲಸ: ಹೊಳೆಯುವ ಅಪರೂಪದ ಕಾರ್ಡು ತುಸು ಭಾರವಿರುವುದರಿಂದ, ಹಳೆಯ ಪೊಟ್ಟಣಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಭಾರವಾದವನ್ನು ಉಳಿಸಿಕೊಂಡು ಹಗುರವಾದವನ್ನು ಮಾರುವವರಿದ್ದಾರೆ. ಅಲ್ಲಿ ಸೀಲೂ ಅಸಲಿ, ಮೋಸವೂ ಅಸಲಿ.

ನಮ್ಮ ಅಡಿಕೆ ಮಂಡಿಯಲ್ಲಿ ರಾಶಿಯೋ ಬೆಟ್ಟೆಯೋ ಗೊರಬಲೋ, ಯಾವ ಬಗೆಯ ಅಡಿಕೆ ಎಂದು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಬೆಲೆ ಹೇಳುತ್ತಾರೆ. ಸೀಲಾದ ಈ ಪೆಟ್ಟಿಗೆಗಳನ್ನು ಬಿಚ್ಚಿದರೆ ಬೆಲೆಯೇ ಬಿದ್ದುಹೋಗುವುದರಿಂದ ಕೊಂಡವರೂ ನೋಡುವುದಿಲ್ಲ, ಅವರಿಂದ ಕೊಂಡವರೂ ನೋಡುವುದಿಲ್ಲ. (ಮಲೆನಾಡಿನ ಮಳೆಗಾಲದಲ್ಲಿ ರಟ್ಟಿಗೆ ಬೂಷ್ಟು ಹಿಡಿಯುವುದನ್ನು ಆ ಹಾಳೆ ತಡೆಯುತ್ತದೆಂಬ ನಂಬಿಕೆ ನನಗಂತೂ ಇಲ್ಲ.) ಆಡುವ ಆಸೆಯಷ್ಟೇ ಇರುವವರಿಗೆ ಆಟಿಕೆ ಕಂಪನಿ ಹಾಸ್ಬ್ರೋ 2021ರಲ್ಲಿ ಮರಳಿ ತಂದ ಆವೃತ್ತಿಯೇ ಸಾಕು, ಹಳೆಯದೇ ಬೇಕೆನ್ನುವವರು ಬಿಚ್ಚಿದ ಪೆಟ್ಟಿಗೆಯನ್ನೇ ಆರಿಸಿ, ಒಳಗಿನ ಪ್ರತಿಯೊಂದು ಬಿಡಿಭಾಗದ ಚಿತ್ರವನ್ನು ಕೇಳಿ ಪಡೆದ ನಂತರ ಹಣ ಕಳುಹಿಸುವುದು ಒಳ್ಳೆಯದು.