ಮೂನ್ ಥೀಮ್‌ಗೆ ಕನ್ನಡ ಹಾಡು: ಪಲ್ಲವಿ ಮುಗಿಯಿತು, ಚರಣ ಸಾಗುತ್ತಿದೆ

ಪಲ್ಲವಿಯ ರೆಕಾರ್ಡಿಂಗ್ ಮುಗಿಯಿತು. ಮೊದಲ ಚರಣದ ಸಾಹಿತ್ಯ ಕೈಯಲ್ಲಿದೆ, ಎರಡನೆಯದು ಅರ್ಧಕ್ಕೆ ನಿಂತಿದೆ. ಹಾಡು ಹೇಗೆ ಮುಗಿಯಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಕಳೆದ ಸಲ ಬರೆದಾಗ ಬರೀ ಟ್ಯೂನ್ ಇತ್ತು, ಜೊತೆಗೆ ಒಂದಿಷ್ಟು ಆಸೆ. ಹಾಗಾಗಿ ಈ ಸಲ ಹೇಳೋದು ಜಾಸ್ತಿ ಇದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. 1989ರಲ್ಲಿ ಕ್ಯಾಪ್ಕಾಮ್ ಸಂಸ್ಥೆ ನಿಂಟೆಂಡೊದ ಎನ್‌ಇಎಸ್ ಅನ್ನುವ ಗೇಮ್ ಮಷಿನ್‌ಗೆ ‘ಡಕ್‌ಟೇಲ್ಸ್’ ಅನ್ನುವ ಗೇಮ್ ತಂದಿತು. ಅದರಲ್ಲಿ ಚಂದ್ರನ ಮೇಲೆ ನಡೆಯುವ ಒಂದು ಲೆವೆಲ್ ಇದೆ. ಅಲ್ಲಿ ಬರುವ ಸಂಗೀತವೇ ‘ಮೂನ್ ಥೀಮ್’. ಮಾಡಿದವರು ಹಿರೋಶಿಗೆ ತೊನೊಮುರಾ. ಅದಕ್ಕೆ ಕನ್ನಡದಲ್ಲಿ ಸಾಹಿತ್ಯ ಬರೆದು, ಹಿನ್ನೆಲೆಯನ್ನು ಹೊಸದಾಗಿ ಕಟ್ಟಿ, ಮನುಷ್ಯರ ದನಿಯಲ್ಲಿ ಹಾಡಿಸೋದು ನಮ್ಮ ಕೆಲಸ. ಹಾಡುವವಳು ನನ್ನ ಗೆಳತಿ. ಸಾಹಿತ್ಯ, ಹಿನ್ನೆಲೆ, ಮಿಕ್ಸಿಂಗ್ ನನ್ನ ಪಾಲು.

ಈ ಟ್ಯೂನೇ ಯಾಕೆ ಅಂತ ತುಂಬಾ ಜನ ಕೇಳಿದ್ದಾರೆ. ಆ ಲೆವೆಲ್‌ನಲ್ಲಿ ಗೇಮ್‌ನ ನಾಯಕ, ಬಾತುಕೋಳಿ ಸ್ಕ್ರೂಜ್ ಅಂಕಲ್, ಹೆಲ್ಮೆಟ್ ಕೂಡ ಹಾಕದೆ, ಊರುಗೋಲಿನ ಮೇಲೆ ಪುಟಿಯುತ್ತಾ ಚಂದ್ರನ ಮೇಲೆ ಓಡಾಡುತ್ತಾನೆ. ಕಣ್ಣಿಗೆ ಕಾಣೋದು ಮಕ್ಕಳಾಟ. ಕಿವಿಗೆ ಬೀಳೋದು ಬೇರೆಯೇ. ಅದರಲ್ಲಿ ಖುಷಿಯೂ ಇದೆ, ದೂರ ಹೋದವರನ್ನು ನೆನೆಯುವ ಸಂಕಟವೂ ಇದೆ. ಕೇಳಿದಾಗಲೆಲ್ಲ ಇದಕ್ಕೆ ಮಾತು ಬೇಕು ಅನಿಸುತ್ತಿತ್ತು. ಇದು ನನಗೊಬ್ಬನಿಗೇ ಅನಿಸಿದ್ದಲ್ಲ. 2017ರಲ್ಲಿ ಶುರುವಾದ ಹೊಸ ‘ಡಕ್‌ಟೇಲ್ಸ್’ ಟಿವಿ ಸರಣಿಯವರು ಇದೇ ಟ್ಯೂನ್‌ಗೆ ಮಾತು ಹಾಕಿ, ಚಂದ್ರನ ಮೇಲೆ ಸಿಕ್ಕಿಬಿದ್ದ ತಾಯಿಯೊಬ್ಬಳ ಜೋಗುಳ ಮಾಡಿದರು. ಅದನ್ನು ಕೇಳಿದ ದಿನ ನನಗೆ ಧೈರ್ಯ ಬಂತು. ಅವರ ದಾರಿಯಲ್ಲಿ ಹೋಗಬಾರದು, ಜೋಗುಳ ಮಾಡಬಾರದು ಅಂತಲೂ ಅವತ್ತೇ ನಿರ್ಧರಿಸಿದೆ.

ಚಾನೆಲ್ ಬಿಡಿಸುವ ಕೆಲಸ

ಎನ್‌ಇಎಸ್‌ನ ಸೌಂಡ್ ಚಿಪ್‌ನಲ್ಲಿ ಇರೋದು ಐದೇ ಚಾನೆಲ್, ಅಂದರೆ ಶಬ್ದದ ಐದೇ ಎಳೆ. ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಇನ್ನೊಂದು ಚಿಕ್ಕ ಸ್ಯಾಂಪಲ್‌ಗಳಿಗೆ. ಟ್ರಯಾಂಗಲ್‌ಗೆ ವಾಲ್ಯೂಮ್ ಕಂಟ್ರೋಲ್ ಕೂಡ ಇಲ್ಲ. ಇದ್ದರೆ ಪೂರ್ತಿ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟರಲ್ಲೇ ಆ ಕಾಲದವರು ಇಡೀ ಲೋಕ ಕಟ್ಟಿದರು.

ಎನ್‌ಇಎಸ್ ಗೇಮ್‌ಗಳ ಸಂಗೀತ ಇರುವ ಎನ್‌ಎಸ್‌ಎಫ್ ಫೈಲ್‌ಗಳನ್ನು ನುಡಿಸುವ ಪ್ಲೇಯರ್‌ಗಳಲ್ಲಿ ಒಂದೊಂದೇ ಚಾನೆಲ್ ಮ್ಯೂಟ್ ಮಾಡಬಹುದು. ನಾನು ಶುರು ಮಾಡಿದ್ದು ಅಲ್ಲಿಂದ. ಜಡೆ ಬಿಡಿಸಿದ ಹಾಗೆ ಒಂದೊಂದೇ ಎಳೆಯನ್ನು ಬೇರೆ ಮಾಡಿ ಕೇಳಿದೆ. ಒಟ್ಟಿಗೆ ಕೇಳುವಾಗ ದೊಡ್ಡ ಸ್ವರಮೇಳ ಅನಿಸಿದ್ದು, ಬಿಡಿಸಿದಾಗ ಒಂದೇ ಚಾನೆಲ್ ಮೂರು ಸ್ವರಗಳ ನಡುವೆ ಬಿರುಸಾಗಿ ಓಡುತ್ತಿರೋದು ಅಂತ ಗೊತ್ತಾಯಿತು. ಇದನ್ನು ಆರ್ಪೆಜಿಯೊ ಅಂತಾರೆ. ಒಂದು ಚಾನೆಲ್‌ನಿಂದ ಒಂದು ಸಲಕ್ಕೆ ಒಂದೇ ಸ್ವರ ಬರುವುದು. ಹಾಗಾಗಿ ಕಾರ್ಡ್, ಅಂದರೆ ಒಟ್ಟಿಗೆ ಕೇಳುವ ಹಲವು ಸ್ವರ, ಬೇಕಾದರೆ ಹೀಗೆ ಓಡಲೇಬೇಕು. ಆ ಓಟದಿಂದಲೇ ಮೂನ್ ಥೀಮ್‌ಗೆ ಆ ಮಿನುಗು ಬಂದಿರೋದು. ಹೊಸ ಹಿನ್ನೆಲೆಯಲ್ಲೂ ನಾನು ಅದನ್ನು ಮೆತ್ತಗಿನ ಸಿಂಥ್‌ನಲ್ಲಿ ಉಳಿಸಿಕೊಂಡಿದ್ದೇನೆ. ಅದು ಹೋದರೆ ಇದು ಬೇರೆ ಯಾವುದೋ ಹಾಡು ಆಗಿಬಿಡುತ್ತದೆ.

ಟೆಂಪೊ ಬಗ್ಗೆ ಒಂದು ಮಾತು, ಇದು ಬೇರೆಯವರಿಗೂ ಉಪಯೋಗ ಆಗಬಹುದು. ಆ ಕಾಲದ ಗೇಮ್ ಸಂಗೀತ ಸಾಮಾನ್ಯವಾಗಿ ಪರದೆಯ ಫ್ರೇಮ್ ಲೆಕ್ಕದಲ್ಲಿ ನಡೆಯುತ್ತದೆ. ಅಮೆರಿಕ, ಜಪಾನ್‌ನ ಮಷಿನ್‌ಗಳಲ್ಲಿ ಸೆಕೆಂಡಿಗೆ 60.0988 ಫ್ರೇಮ್. ಒಂದು ಬೀಟ್‌ನ ಕಾಲು ಭಾಗಕ್ಕೆ ಆರು ಫ್ರೇಮ್ ಅಂತ ಇಟ್ಟುಕೊಂಡರೆ ಟೆಂಪೊ ನಿಮಿಷಕ್ಕೆ 150.25 ಬೀಟ್‌ನ ಹತ್ತಿರ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಸುಮ್ನೆ 150 ಅಂತ ಹಾಕಿದರೆ, ಮೂರು ನಿಮಿಷ ಮುಗಿಯುವಷ್ಟರಲ್ಲಿ ಮೂಲಕ್ಕೂ ನಮ್ಮದಕ್ಕೂ ಸುಮಾರು 0.3 ಸೆಕೆಂಡ್ ವ್ಯತ್ಯಾಸ ಆಗಿರುತ್ತದೆ. ತಾಳ ತಪ್ಪಿದ್ದು ಕಿವಿಗೆ ಗೊತ್ತಾಗಲು ಅಷ್ಟು ಧಾರಾಳ ಸಾಕು. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸ್ವರ ಬರೆದುಕೊಳ್ಳುವವರು ದಶಮಾಂಶದವರೆಗೂ ಹಾಕಲೇಬೇಕು.

ಶ್ರುತಿಯದ್ದೂ ಇದೇ ಕಥೆ. ಚಿಪ್ ಪೂರ್ಣಾಂಕಗಳಿಂದ ಭಾಗಿಸಿ ಸ್ವರ ಹುಟ್ಟಿಸುತ್ತದೆ. 440 ಹರ್ಟ್ಸ್ ಹತ್ತಿರ ಅದು ಒಂದೂವರೆ ಸೆಂಟ್ (ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಮಾತ್ರ ತಪ್ಪುತ್ತದೆ, ಯಾರಿಗೂ ತಿಳಿಯಲ್ಲ. ಮೂರು ಸ್ಥಾಯಿ ಮೇಲೆ, 3520 ಹರ್ಟ್ಸ್‌ಗೆ ಹೋದರೆ 12 ಸೆಂಟ್ ಕೆಳಗೆ ಬೀಳುತ್ತದೆ. ದನಿಯ ಜೊತೆ ಮೂಲದ ಚಿಪ್ ಶಬ್ದವನ್ನೂ ಬೆರೆಸುವ ಆಸೆ ಇದ್ದರೆ ಇದು ನೆನಪಿರಲಿ. ನಾನು ಮೇಲಿನ ಮಿನುಗನ್ನೆಲ್ಲ ಹೊಸ ಸಿಂಥ್‌ನಲ್ಲಿ ನುಡಿಸಿದ್ದಕ್ಕೆ ಇದೂ ಒಂದು ಕಾರಣ.

ಉಸಿರಿಗೆ ಜಾಗ

ಈಗ ನಿಜವಾದ ಕೆಲಸಕ್ಕೆ ಬರುತ್ತೇನೆ. ಗೇಮ್ ಸಂಗೀತಕ್ಕೆ ದನಿ ಸೇರಿಸಲು ಹೊರಟ ಪ್ರತಿಯೊಬ್ಬರಿಗೂ ಎದುರಾಗೋದು ಇದೇ. ಚಿಪ್‌ಗೆ ಉಸಿರು ಬೇಕಿಲ್ಲ. ಅದಕ್ಕಾಗಿ ಬರೆದ ಟ್ಯೂನ್‌ನಲ್ಲಿ ಉಸಿರಾಡಲು ಜಾಗವೂ ಇರುವುದಿಲ್ಲ.

ಮೂಲದ ಟ್ಯೂನ್ ಮೇಲೆ ಅಕ್ಷರಕ್ಕೆ ಅಕ್ಷರ ಕೂರಿಸಿ ಮೊದಲ ಗೈಡ್ ಟ್ರ್ಯಾಕ್ (ಹಾಡುವವರಿಗೆ ದಾರಿ ತೋರಿಸುವ ಕಚ್ಚಾ ರೆಕಾರ್ಡಿಂಗ್) ಕಳಿಸಿದ್ದೆ. ಗೆಳತಿ ಹಾಡಿ ನೋಡಿ ಒಂದೇ ಮಾತು ಹೇಳಿದಳು: “ಚೆನ್ನಾಗಿದೆ ಕಣೋ, ಆದ್ರೆ ನಾನು ಎಲ್ಲಿ ಉಸಿರು ತಗೊಳ್ಳಲಿ?” ಆ ಪ್ರಶ್ನೆಯಿಂದಲೇ ಈ ಪ್ರಾಜೆಕ್ಟ್ ಸರಿಯಾದ ದಾರಿಗೆ ಬಂತು. ಆಮೇಲಿನ ನಿರ್ಧಾರಗಳೆಲ್ಲ ಅದಕ್ಕೆ ಉತ್ತರ ಹುಡುಕುತ್ತಾ ಆದವು.

ಮೊದಲು ವೇಗ ಇಳಿಸಿದೆವು, ಮೂಲಕ್ಕಿಂತ ಸುಮಾರು ಐದನೇ ಒಂದು ಭಾಗದಷ್ಟು. ಆರ್ಪೆಜಿಯೊ ಅದೇ ಬಿರುಸಿನಲ್ಲಿ ಓಡುತ್ತಿರುವುದರಿಂದ ಹಾಡು ಎಳೆದಂತೆ ಕೇಳುವುದಿಲ್ಲ. ಆಮೇಲೆ ಶ್ರುತಿ ಇಳಿಸಿದೆವು. ಚಿಪ್ ಎಷ್ಟು ಮೇಲಕ್ಕಾದರೂ ಸಲೀಸಾಗಿ ಹೋಗುತ್ತದೆ. ಗಂಟಲು ಅಲ್ಲಿಗೆ ಹೋದಾಗ ಮಾತು ಮಾಯವಾಗಿ ಬರೀ ಕೂಗು ಉಳಿಯುತ್ತದೆ.

ಕೊನೆಗೆ, ಇದಕ್ಕೆ ಸ್ವಲ್ಪ ಎದೆಗಾರಿಕೆ ಬೇಕಾಯಿತು, ಟ್ಯೂನ್‌ನಿಂದಲೇ ಕೆಲವು ಸ್ವರಗಳನ್ನು ದನಿಗೆ ಕೊಡದೆ ತೆಗೆದೆವು. ಸಾಲಿನ ಕೊನೆಯ ಸ್ವರಗಳನ್ನು ಕೊಳಲಿನ ಸ್ಯಾಂಪಲ್ ಎತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಅವಳು ಉಸಿರು ತೆಗೆದುಕೊಳ್ಳುತ್ತಾಳೆ. ಕೇಳುವವರಿಗೆ ಟ್ಯೂನ್ ಎಲ್ಲೂ ಕಡಿದಂತೆ ಅನಿಸುವುದಿಲ್ಲ. ಇದು ಬಂದ ಮೇಲೆ ಹಾಡಿಗೆ ಜೀವ ಬಂತು. ದನಿಯೂ ಕೊಳಲೂ ಮಾತಾಡಿಕೊಳ್ಳುತ್ತಿವೆ ಅನಿಸುತ್ತಿದೆ. ಈ ಪ್ರಾಜೆಕ್ಟ್‌ನಲ್ಲಿ ನನಗೆ ಇಲ್ಲಿವರೆಗೆ ಸಿಕ್ಕ ಅತಿ ದೊಡ್ಡ ಸಂತೋಷ ಇದೇ.

ಗೇಮ್ ಮಾಡುವವರಿಗೂ ದನಿಯ ಆಸೆ ಮೊದಲಿನಿಂದ ಇತ್ತು. 1994ರ ‘ಫೈನಲ್ ಫ್ಯಾಂಟಸಿ 6’ರಲ್ಲಿ ಒಂದು ಪೂರ್ತಿ ಆಪೆರಾ ದೃಶ್ಯ ಇದೆ. ಅದು ನಡೆಯುತ್ತಿದ್ದ ಸೂಪರ್ ನಿಂಟೆಂಡೊ ಮಷಿನ್‌ನಲ್ಲಿ ಸಂಗೀತಕ್ಕೆ ಇದ್ದ ಮೆಮೊರಿ 64 ಕಿಲೋಬೈಟ್ ಮಾತ್ರ. ಹಾಡುಗಾರ್ತಿಯ ದನಿ ಹಿಡಿಸುವ ಮಾತೇ ಇಲ್ಲ. ಆ ಗೇಮ್‌ಗೆ ಸಂಗೀತ ಮಾಡಿದ ನೊಬುವೊ ಉಎಮಾತ್ಸು ದನಿಯನ್ನು ಹೋಲುವ ಸಿಂಥ್ ಶಬ್ದದಲ್ಲಿ ಟ್ಯೂನ್ ನುಡಿಸಿದರು, ಮಾತುಗಳು ಪರದೆಯ ಮೇಲೆ ಬಂದವು. ಅದೇ ವರ್ಷ ಬಂದ ಆರ್ಕೆಸ್ಟ್ರಾ ಆಲ್ಬಂನಲ್ಲಿ ಆ ಹಾಡನ್ನು ನಿಜವಾದ ಗಾಯಕಿ ಇಟಾಲಿಯನ್ ಭಾಷೆಯಲ್ಲಿ ಹಾಡಿದರು. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಉಸಿರು ಬಂದಾಗ ಒಂದು ಟ್ಯೂನ್ ಎಷ್ಟು ಬದಲಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಸಾಹಿತ್ಯ

ಚಂದ್ರನ ಮೇಲೆ ಗಾಳಿ ಇಲ್ಲ. ಇಟ್ಟ ಹೆಜ್ಜೆಯನ್ನು ಅಳಿಸುವವರು ಯಾರೂ ಇಲ್ಲ. ಈ ಎರಡು ಮಾತಿನಿಂದ ಪಲ್ಲವಿ ಹುಟ್ಟಿತು:

ಗಾಳಿ ಇಲ್ಲ ಇಲ್ಲಿ, ಹೆಜ್ಜೆ ಮಾಸದು
ನಾಳೆ ಇಲ್ಲ ಇಲ್ಲಿ, ರಾತ್ರಿ ಸಾಲದು
ಕೇಳು ಭೂಮಿಯೇ, ನಿನ್ನ ನೀಲಿಯ
ತಾಳಲಾರೆ ನಾ, ದೂರ ನಿಂತು ನೋಡಲು

ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಳಕಾರ ಬರುವ ಹಾಗೆ ಪ್ರಾಸ ಇಟ್ಟಿದ್ದೇನೆ. ಬರೀ ಅಂದಕ್ಕೆ ಮಾಡಿದ್ದಲ್ಲ. ಟ್ಯೂನ್‌ನ ಒತ್ತು ಸಾಲಿನ ಶುರುವಿನಲ್ಲೇ ಬೀಳುತ್ತದೆ, ಹಾಗಾಗಿ ಅಂತ್ಯಪ್ರಾಸಕ್ಕಿಂತ ಇದು ಚೆನ್ನಾಗಿ ಕೇಳುತ್ತದೆ. ಉದ್ದ ಸ್ವರ ಇರುವ ಕಡೆ ದೀರ್ಘಾಕ್ಷರವೇ ಬರಬೇಕು ಅಂತಲೂ ಹಟ ಹಿಡಿದೆ. ಗಿಡ್ಡ ಅಕ್ಷರವನ್ನು ಎಳೆದು ಹಾಡಿದರೆ ಕನ್ನಡದ ಕಿವಿ ತಕ್ಷಣ ಮುಖ ತಿರುಗಿಸುತ್ತದೆ, ಅಲ್ವಾ? ಎಲ್ಲಕ್ಕಿಂತ ಎತ್ತರದ ಸ್ವರಕ್ಕೆ ಆಕಾರವನ್ನೇ ಕೊಟ್ಟಿದ್ದೇನೆ, ‘ತಾಳಲಾರೆ’ಯ ‘ತಾ’. ಬಾಯಿ ಪೂರ್ತಿ ತೆರೆಯುವ ಜಾಗ ಅದು. ಅಲ್ಲಿ ಇಕಾರವೋ ಉಕಾರವೋ ಬಂದಿದ್ದರೆ ದನಿ ಕಿರಿದಾಗುತ್ತಿತ್ತು.

ಚರಣದಲ್ಲಿ ಚಿಕ್ಕ ಚಿಕ್ಕ ಸ್ವರಗಳು ಒಟ್ಟಿಗೆ ಬರುವ ಜಾಗಗಳಿವೆ. ಅಲ್ಲಿ ‘ನೆನಪು’, ‘ಬೆಳಕು’, ‘ಇರುಳು’ ಥರದ ಮೂರು ಲಘುಗಳ ಪದಗಳು ತಾವಾಗಿಯೇ ಬಂದು ಕೂತವು. ಒತ್ತಕ್ಷರ ಜಾಸ್ತಿ ಇರುವ ಪದಗಳನ್ನು ಅಲ್ಲಿಂದ ದೂರ ಇಟ್ಟೆ.

ರೆಕಾರ್ಡಿಂಗ್, ಮಿಕ್ಸಿಂಗ್

ರೆಕಾರ್ಡಿಂಗ್ ಬಗ್ಗೆ ಹೇಳೋದು ಕಡಿಮೆ. ಮೈಕ್‌ನಿಂದ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್, ಸುತ್ತ ದಪ್ಪ ಹೊದಿಕೆಗಳು. 48 ಕಿಲೋಹರ್ಟ್ಸ್, 24 ಬಿಟ್. ಅತಿ ಜೋರಾದ ಜಾಗದಲ್ಲೂ ಮೀಟರ್ ಮೈನಸ್ 10 ಡೆಸಿಬೆಲ್ ದಾಟದ ಹಾಗೆ ಗೇನ್. ಇಡೀ ಪಲ್ಲವಿಯನ್ನು ನಿಲ್ಲಿಸದೆ ಒಂದೇ ಸಲಕ್ಕೆ ಹಾಡಿದ ಟೇಕ್ ಒಂದು ಇದೆ. ಬೇರೆ ಟೇಕ್‌ಗಳಿಂದ ತುಂಡು ತಂದು ಜೋಡಿಸುವ ಬದಲು ಅದನ್ನೇ ಇಟ್ಟುಕೊಂಡೆ. ಸಾಲುಗಳ ನಡುವೆ ಅವಳು ಉಸಿರೆಳೆಯುವ ಸದ್ದನ್ನೂ ಅಳಿಸಿಲ್ಲ. ಸ್ವಲ್ಪ ಕಡಿಮೆ ಮಾಡಿದ್ದೇನೆ, ಅಷ್ಟೇ.

ಮಿಕ್ಸಿಂಗ್‌ನಲ್ಲಿ ನಿಜವಾದ ಜಗಳ ಇದ್ದದ್ದು ಪಲ್ಸ್ ಶಬ್ದಕ್ಕೂ ದನಿಗೂ. ಪಲ್ಸ್ ವೇವ್‌ನಲ್ಲಿ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳು, ತುಂಬಾ ಮೇಲಿನವರೆಗೂ ಬಲವಾಗಿ ಇರುತ್ತವೆ. ಮಾತು ಸ್ಪಷ್ಟವಾಗಿ ಕೇಳಲು ಬೇಕಾದ 2ರಿಂದ 4 ಕಿಲೋಹರ್ಟ್ಸ್ ಜಾಗವನ್ನು ಅವೇ ತುಂಬಿಕೊಂಡುಬಿಡುತ್ತವೆ. ದನಿಯ ವಾಲ್ಯೂಮ್ ಎಷ್ಟು ಏರಿಸಿದರೂ ಮಾತು ಕೇಳಲ್ಲ. ನಾನು ಡೈನಾಮಿಕ್ ಈಕ್ಯೂ (ಬೇಕಾದಾಗ ಮಾತ್ರ ಶಬ್ದದ ಒಂದು ಭಾಗವನ್ನು ತಗ್ಗಿಸುವ ಫಿಲ್ಟರ್) ಹಾಕಿ, ಅವಳು ಹಾಡುವಾಗ ಮಾತ್ರ ಆರ್ಪೆಜಿಯೊದ ಆ ಭಾಗ ಮೂರು ನಾಲ್ಕು ಡೆಸಿಬೆಲ್ ಇಳಿಯುವಂತೆ ಮಾಡಿದೆ. ಪಲ್ಸ್‌ನ ಡ್ಯೂಟಿಯನ್ನೂ, ಅಂದರೆ ಪ್ರತಿ ಅಲೆಯಲ್ಲಿ ಪಲ್ಸ್ ಮೇಲೆ ಇರುವ ಪಾಲನ್ನೂ, 25 ಪರ್ಸೆಂಟ್‌ನಿಂದ 50ಕ್ಕೆ ಬದಲಿಸಿದೆ. 50ರಲ್ಲಿ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಇರುವುದಿಲ್ಲ, ಶಬ್ದ ಸ್ವಲ್ಪ ಟೊಳ್ಳಾಗುತ್ತದೆ. ಆ ಟೊಳ್ಳಿನಲ್ಲೇ ದನಿಗೆ ಜಾಗ ಸಿಕ್ಕಿತು. ಸೆಟ್ಟಿಂಗ್ ತಿರುಗಿಸಿ ಗೆಲ್ಲುವುದಕ್ಕಿಂತ, ಶುರುವಿನಲ್ಲೇ ಸರಿಯಾದ ಶಬ್ದ ಆರಿಸುವುದು ಮೇಲು ಅನ್ನೋದು ನನ್ನ ಅಭಿಪ್ರಾಯ.

ಹಕ್ಕಿನ ವಿಷಯ

ಟ್ಯೂನ್ ನಮ್ಮದಲ್ಲ. ಸಾಹಿತ್ಯ ಎಷ್ಟೇ ಹೊಸದಾಗಿದ್ದರೂ, ಅನುಮತಿ ಇಲ್ಲದೆ ಇನ್ನೊಬ್ಬರ ಟ್ಯೂನ್‌ಗೆ ಮಾತು ಹಾಕಿ ಮಾರುವಂತಿಲ್ಲ. ನಾವು ಇದರಿಂದ ದುಡ್ಡು ಮಾಡಲ್ಲ. ಹಾಡಿನ ಹೆಸರಿನ ಪಕ್ಕದಲ್ಲೇ ತೊನೊಮುರಾ ಅವರ ಹೆಸರು ಇರುತ್ತದೆ. ಹಕ್ಕು ಇರುವವರು ತೆಗೆಯಿರಿ ಅಂದರೆ ತೆಗೆಯುತ್ತೇವೆ. ಎಲ್ಲ ಕಡೆ ಇಷ್ಟು ಬಿಗಿ ಇಲ್ಲ. ‘ತೋಹೋ’ ಅನ್ನುವ ಜಪಾನಿ ಗೇಮ್‌ಗಳನ್ನು ಮಾಡುವ ಜುನ್, ತಮ್ಮ ಸಂಗೀತವನ್ನು ಬಳಸಿ ಅಭಿಮಾನಿಗಳು ಹೊಸದು ಕಟ್ಟಲು ದಾರಿ ಬಿಟ್ಟಿದ್ದಾರೆ. 1998ರ ಅವರ ಒಂದು ಟ್ಯೂನ್‌ಗೆ 2007ರಲ್ಲಿ ಅಭಿಮಾನಿಗಳ ತಂಡವೊಂದು ದನಿ ಸೇರಿಸಿತು. ಅದೇ ಇವತ್ತು ಜಗತ್ತಿಗೆಲ್ಲ ಗೊತ್ತಿರುವ ‘ಬ್ಯಾಡ್ ಆಪಲ್’. ಬಾಗಿಲು ತೆರೆದಿಟ್ಟಾಗ ಏನೆಲ್ಲ ಬರುತ್ತದೆ ಅನ್ನೋದನ್ನು ಅದರಲ್ಲಿ ನೋಡಬಹುದು.

1999ರಿಂದ ನಡೆಯುತ್ತಿರುವ, ಗೇಮ್ ಸಂಗೀತದ ರೀಮಿಕ್ಸ್‌ಗಳ ವೆಬ್‌ಸೈಟ್ ಓವರ್‌ಕ್ಲಾಕ್ಡ್ ರೀಮಿಕ್ಸ್‌ನ ಮಾನದಂಡವನ್ನೂ ನಾನು ಎದುರಿಗೆ ಇಟ್ಟುಕೊಂಡಿದ್ದೇನೆ. ಮೂಲ ಗುರುತು ಸಿಗಬೇಕು, ಆದರೆ ಬರೀ ನಕಲು ಆಗಬಾರದು ಅನ್ನೋದು ಅವರ ನಿಯಮ. ಕೊಳಲಿಗೆ ಸ್ವರ ಬಿಟ್ಟುಕೊಡುವಾಗೆಲ್ಲ ಈ ಎರಡನ್ನೂ ತೂಗಿ ನೋಡಿಕೊಂಡೇ ಮಾಡಿದ್ದು.

ಇನ್ನು ಉಳಿದಿರೋದು

ಗೇಮ್‌ನ ಟ್ಯೂನ್‌ಗೆ ಕೊನೆ ಇರುವುದಿಲ್ಲ. ಆಡುವವರು ಲೆವೆಲ್ ಮುಗಿಸುವ ತನಕ ತಿರುಗುತ್ತಲೇ ಇರಬೇಕು, ಅದಕ್ಕೇ ಅದು ಹುಟ್ಟಿದ್ದು. ಹಾಡು ಮಾತ್ರ ಎಲ್ಲಾದರೂ ನಿಲ್ಲಲೇಬೇಕು. ಮೆಲ್ಲಗೆ ಫೇಡ್ ಮಾಡಿ ಮುಗಿಸೋದು ನನಗೆ ಇಷ್ಟ ಇಲ್ಲ. ಅದು ತೀರ್ಮಾನದಿಂದ ತಪ್ಪಿಸಿಕೊಂಡ ಹಾಗೆ. ಈಗ ಒಂದು ಪ್ರಯೋಗ ನಡೆಯುತ್ತಿದೆ. ಕೊನೆಯ ಪಲ್ಲವಿಯಲ್ಲಿ ಅವಳು ಮುಖ್ಯ ಟ್ಯೂನ್ ಹಾಡುತ್ತಾಳೆ, ನಾನು ಮಂದ್ರದಲ್ಲಿ ಟ್ರಯಾಂಗಲ್ ಚಾನೆಲ್‌ನ ಬೇಸ್ ಸಾಲನ್ನು ಹಾಡುತ್ತೇನೆ. ಇಬ್ಬರೂ ಷಡ್ಜಕ್ಕೆ ಬಂದು ಸೇರಿದಲ್ಲಿಗೆ ಹಾಡು ಮುಗಿಯಬೇಕು. ಗೈಡ್ ಟ್ರ್ಯಾಕ್‌ನಲ್ಲಿ ಚೆನ್ನಾಗಿ ಕೇಳುತ್ತಿದೆ. ಅವಳಿಗೂ ಹಿಡಿಸಿದೆ.

ಎರಡನೇ ಚರಣದ ಮೂರನೇ ಸಾಲು ಇನ್ನೂ ಒದಗುತ್ತಿಲ್ಲ. ಅಲ್ಲಿ ನಾಲ್ಕು ಲಘು ಆದ ಮೇಲೆ ಒಂದು ಉದ್ದನೆಯ ಓಕಾರ ಬೇಕು, ಅರ್ಥವೂ ಮನೆಯ ಕಡೆ ತಿರುಗಬೇಕು. ಅದು ಸಿಕ್ಕ ಕೂಡಲೇ ಚರಣಗಳ ರೆಕಾರ್ಡಿಂಗ್ ಶುರು. ಅದರ ಜೊತೆಗೆ ಪಲ್ಲವಿಯ ಈಗಿನ ಮಿಕ್ಸ್ ಅನ್ನೂ ಮುಂದಿನ ಸಲ ಹಾಕುತ್ತೇನೆ. ಹೆಡ್‌ಫೋನ್‌ನಲ್ಲಿ ಕೇಳಿ, ಯಾವ ಪದ ಸರಿಯಾಗಿ ಕೇಳಲಿಲ್ಲ ಅಂತ ಹೇಳಿ.